ಡೆಲ್ಲಿ ಕಾರು, ಕೋಲಾರದ ತೆರಿಗೆ: ಗಡಿ ದಾಟಿದರೆ ನಿಜಕ್ಕೂ ಎಷ್ಟು ಉಳಿಯುತ್ತದೆ?

ಕೋಲಾರದಿಂದ ಮುಳಬಾಗಿಲ ಕಡೆ ಹೆದ್ದಾರಿಯಲ್ಲಿ ಹೋಗುವಾಗ ಸುಮ್ನೆ ನಂಬರ್ ಪ್ಲೇಟ್‌ಗಳನ್ನು ನೋಡುತ್ತಾ ಹೋಗಿ. ಕೆಎ 07, ಕೆಎ 08 ನಮ್ಮವು. ಟಿಎನ್ 70 ಅಂದರೆ ಹೊಸೂರು, ಟಿಎನ್ 24 ಕೃಷ್ಣಗಿರಿ. ಎಪಿ 03 ಹಳೇ ಚಿತ್ತೂರು. ಎಪಿ 39 ಅಂದರೆ ಆಂಧ್ರದ ಯಾವ ಊರಾದರೂ ಇರಬಹುದು, 2019ರಿಂದ ಅಲ್ಲಿ ಊರಿಗೊಂದು ಕೋಡ್ ಕೊಡುವುದನ್ನು ಬಿಟ್ಟರು. ಮೂರು ರಾಜ್ಯ ಸೇರುವ ಮೂಲೆ ನಮ್ಮದು, ಇದೆಲ್ಲ ಮಾಮೂಲಿ. ಆದರೆ ನಡುನಡುವೆ ಡಿಎಲ್, ಎಚ್‌ಆರ್, ಪಿವೈ ಅಂತ ಕಾಣುತ್ತವಲ್ಲ, ಅವುಗಳ ಕತೆ ಬೇರೆ. ಡೆಲ್ಲಿ, ಹರಿಯಾಣ, ಪುದುಚೇರಿ. ಟೊಮೆಟೊ ಮಾರ್ಕೆಟ್ ಮುಂದೆ ನಿಂತಿರುವ ಡಿಎಲ್ ಕಾರಿನ ಬಾಗಿಲು ತೆರೆದು ಇಳಿಯುವವನು ಡೆಲ್ಲಿಯವನಲ್ಲ. ಪಕ್ಕದ ಹಳ್ಳಿಯವನೇ.

ನಮ್ಮ ಚಿಕ್ಕಪ್ಪನ ಮಗ ಅಂಥವರಲ್ಲಿ ಒಬ್ಬ. ಮುಳಬಾಗಿಲು ತಾಲ್ಲೂಕಿನಲ್ಲಿ ತೋಟ, ಟೊಮೆಟೊ, ಒಂದಿಷ್ಟು ಮಾವು. ಒಂದು ವರ್ಷ ಟೊಮೆಟೊ ರೇಟು ಕೈ ಹಿಡಿಯಿತು. ದೊಡ್ಡ ಡೀಸೆಲ್ ಗಾಡಿ ಬೇಕು ಅಂದ. ಇಲ್ಲಿ ಹಳೇ ಕಾರು ಮಾರುವ ಕನ್ಸಲ್ಟೆನ್ಸಿಯಲ್ಲಿ 2019ರ ಗಾಡಿಗೆ ಏಳೂಕಾಲು ಲಕ್ಷ ಹೇಳಿದರು. ಅದೇ ಮಾಡೆಲ್, ಅದೇ ಬಣ್ಣ, ಅಷ್ಟೇ ಓಡಿರುವ ಗಾಡಿ ಡೆಲ್ಲಿಯಲ್ಲಿ ಐದೂವರೆ ಲಕ್ಷಕ್ಕಿದೆ ಅಂತ ಬ್ರೋಕರ್ ಫೋನಿನಲ್ಲಿ ಫೋಟೋ ತೋರಿಸಿದ. "ಸಾರ್, ಒಂದೂಮುಕ್ಕಾಲು ಲಕ್ಷ ಉಳಿತಾಯ. ಒಂದು ವರ್ಷ ಯಾರೂ ಕೇಳಲ್ಲ, ಆಮೇಲೆ ನೋಡ್ಕೊಳೋಣ" ಅಂದ.

ಈ ಮಾತಿನಲ್ಲಿ ಎರಡು ವಾಕ್ಯ ಇವೆ. ಎರಡೂ ತಪ್ಪು. ಹೇಗೆ ತಪ್ಪು ಅಂತ ಬಿಡಿಸಿ ನೋಡಿದರೆ, ಗಡಿ ಆಚೆಯ ಕಾರು ಯಾಕೆ ಅಗ್ಗ ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಹೊಸ ಕಾರನ್ನೇ ತೆಗೆದುಕೊಳ್ಳಿ. ಕಾರಿನ ಬೆಲೆಯಲ್ಲಿ ಕಂಪನಿಯ ಪಾಲು, ಜಿಎಸ್‌ಟಿ ಪಾಲು ಎರಡೂ ದೇಶದಲ್ಲಿ ಹೆಚ್ಚೂಕಮ್ಮಿ ಒಂದೇ. 2017ರ ಜುಲೈ 1ಕ್ಕೆ ಮುಂಚೆ ಹೀಗಿರಲಿಲ್ಲ. ಆಗ ವ್ಯಾಟ್ ಇತ್ತು, ರಾಜ್ಯಕ್ಕೊಂದು ದರ, ಶೋರೂಂ ಬೆಲೆಯೇ ಬೇರೆ ಬೇರೆ. ಆಗ "ಹೊಸೂರಲ್ಲಿ ಕಮ್ಮಿ, ಪಾಂಡಿಚೇರಿಯಲ್ಲಿ ಇನ್ನೂ ಕಮ್ಮಿ" ಅನ್ನುವ ಮಾತಿಗೆ ಅರ್ಥ ಇತ್ತು. ಈಗ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40 ಜಿಎಸ್‌ಟಿ. ಕೋಲಾರದಲ್ಲೂ ಅಷ್ಟೇ, ಕುಪ್ಪಂನಲ್ಲೂ ಅಷ್ಟೇ. ಬದಲಾಗುವುದು ಒಂದೇ: ರಾಜ್ಯ ಸರ್ಕಾರ ಹಾಕುವ ರಸ್ತೆ ತೆರಿಗೆ, ನಾವು ಲೈಫ್ ಟೈಮ್ ಟ್ಯಾಕ್ಸ್ ಅನ್ನುತ್ತೇವಲ್ಲ, ಅದು.

ಈ ತೆರಿಗೆಯಲ್ಲಿ ಕರ್ನಾಟಕ ಧಾರಾಳ ಕೈ, ಕೊಡುವುದರಲ್ಲಿ ಅಲ್ಲ, ತೆಗೆದುಕೊಳ್ಳುವುದರಲ್ಲಿ. ಐದು ಲಕ್ಷದವರೆಗಿನ ಕಾರಿಗೆ ಶೇ 13, ಐದರಿಂದ ಹತ್ತು ಲಕ್ಷಕ್ಕೆ 14, ಹತ್ತರಿಂದ ಇಪ್ಪತ್ತಕ್ಕೆ 17, ಅದರ ಮೇಲೆ 18. ಇಷ್ಟಕ್ಕೆ ಮುಗಿಯಲಿಲ್ಲ. ಬಂದ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ತೆರಿಗೆಗೇ ತೆರಿಗೆ. ಹಾಗಾಗಿ 17 ಅಂತ ಬರೆದಿದ್ದರೂ ಕಟ್ಟುವುದು 18.87. ಹದಿನಾಲ್ಕು ಅನ್ನುವುದು 15.54.

ಆಂಧ್ರದಲ್ಲಿ ಏನು? 2021ರ ಕೊನೆಗೆ ಅಲ್ಲೂ ದರ ಏರಿಸಿದರು. ಪಟ್ಟಿ ತೆಗೆದು ನೋಡಿದರೆ ನಮ್ಮದೇ ಕಾಪಿ ಹೊಡೆದ ಹಾಗಿದೆ, ಅದೇ 13, 14, 17, 18. ನಂಗಲಿ ಚೆಕ್‌ಪೋಸ್ಟ್ ದಾಟಿ ಪಲಮನೇರಿಗೆ ಹೋಗಿ ಹೊಸ ಕಾರು ತೆಗೆದುಕೊಳ್ಳುವುದರಲ್ಲಿ ಈಗ ಹೇಳಿಕೊಳ್ಳುವಂಥ ಲಾಭ ಇಲ್ಲ. ದಾರಿಯಲ್ಲಿ ಮುಳಬಾಗಿಲ ದೋಸೆ ತಿಂದಿದ್ದಷ್ಟೇ ಲಾಭ.

ತಮಿಳುನಾಡಿನ ಲೆಕ್ಕ ಇನ್ನೂ ಮಜವಾಗಿದೆ. 2023ರ ನವೆಂಬರ್‌ವರೆಗೂ ಅಲ್ಲಿ ಹತ್ತು ಲಕ್ಷದೊಳಗಿನ ಕಾರಿಗೆ ಶೇ 10, ಮೇಲಿನದಕ್ಕೆ 15 ಇತ್ತು. ಒಂಬತ್ತು ಲಕ್ಷದ ಕಾರಿಗೆ ಅಲ್ಲಿ 90 ಸಾವಿರ, ಇಲ್ಲಿ ಸೆಸ್ ಸೇರಿ 1,39,860. ಐವತ್ತು ಸಾವಿರದ ವ್ಯತ್ಯಾಸ. ಮಾಲೂರಿಂದ ಹೊಸೂರಿಗೆ ಹೋಗಿ ಬರುವಷ್ಟರಲ್ಲಿ ಐವತ್ತು ಸಾವಿರ ಅಂದರೆ ಯಾರಿಗೆ ಬೇಡ? ಈಗ ಅಲ್ಲಿ ಐದು ಲಕ್ಷದವರೆಗೆ 12, ಹತ್ತರವರೆಗೆ 13, ಇಪ್ಪತ್ತರವರೆಗೆ 18, ಅದರ ಮೇಲೆ 20. ಎಂಟು ಲಕ್ಷದ ಕಾರಿಗೆ ನಮ್ಮಲ್ಲಿ 1,24,320 ಆದರೆ ಅವರಲ್ಲಿ 1,04,000. ಇಪ್ಪತ್ತು ಸಾವಿರ ಕಮ್ಮಿ, ಒಪ್ಪೋಣ. ಹನ್ನೆರಡು ಲಕ್ಷದ ಕಾರಿಗೆ ವ್ಯತ್ಯಾಸ ಹತ್ತು ಸಾವಿರಕ್ಕೆ ಇಳಿಯುತ್ತದೆ. ಇಪ್ಪತ್ತೈದು ಲಕ್ಷದ ಗಾಡಿಗೆ ಇಲ್ಲಿ 4,99,500, ಅಲ್ಲಿ ಐದು ಲಕ್ಷ. ಅಂದರೆ ತಮಿಳುನಾಡಿನಲ್ಲೇ ಐನೂರು ರೂಪಾಯಿ ಜಾಸ್ತಿ!

ಆದರೆ ನಮ್ಮೂರಿನ ಟೀ ಅಂಗಡಿಯಲ್ಲಿ ಓಡುತ್ತಿರುವ ಲೆಕ್ಕ ಇನ್ನೂ ಹಳೇದೇ. "ಹೊಸೂರಲ್ಲಿ ಮಾವನ ಮನೆ ಅಡ್ರೆಸ್ ಕೊಟ್ಟು ತಗೊಂಡ್ರೆ ಅರ್ಧ ಲಕ್ಷ ಮಿಕ್ಕುತ್ತೆ" ಅಂತ ಈಗಲೂ ಹೇಳುತ್ತಾರೆ. ಅಲ್ಲಿ ನೋಂದಣಿ ಆಗಬೇಕಾದರೆ ಅಲ್ಲಿನ ವಿಳಾಸದ ದಾಖಲೆ ಬೇಕು. ಮೋಟಾರು ವಾಹನ ಕಾಯ್ದೆಯ 40ನೇ ಸೆಕ್ಷನ್ ಹೇಳುವುದು, ಮಾಲೀಕನ ಮನೆಯೋ ವ್ಯಾಪಾರವೋ ಇದ್ದು ಗಾಡಿ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ ನೋಂದಣಿ ಮಾಡಿಸಿ ಅಂತ. ಸರಳವಾಗಿ ಹೇಳಬೇಕಾದರೆ, ಕಾರು ರಾತ್ರಿ ಎಲ್ಲಿ ಮಲಗುತ್ತದೋ ಆ ಊರಿಗೆ ತೆರಿಗೆ. ಮಾವನ ಮನೆ ವಿಳಾಸದಲ್ಲಿ ನೋಂದಾಯಿಸಿ ಬಂಗಾರಪೇಟೆಯಲ್ಲಿ ನಿಲ್ಲಿಸುವುದು ಇಪ್ಪತ್ತು ಸಾವಿರಕ್ಕಾಗಿ ಮಾಡುವ ಸುಳ್ಳು.

ಹೊಸ ಕಾರಿನ ವಿಷಯ ಇಷ್ಟೇ. ನಿಜವಾದ ವ್ಯಾಪಾರ ಇರುವುದು ಹಳೇ ಕಾರಿನಲ್ಲಿ, ಅದರಲ್ಲೂ ಡೆಲ್ಲಿ ಕಾರಿನಲ್ಲಿ.

ಡೆಲ್ಲಿ ಗಾಡಿ ಅಗ್ಗ ಆಗುವುದಕ್ಕೆ ಎರಡು ಕಾರಣ. ಒಂದು, ಅಲ್ಲಿ ರಸ್ತೆ ತೆರಿಗೆಯೇ ಕಮ್ಮಿ. ಹತ್ತು ಲಕ್ಷ ದಾಟಿದ ಪೆಟ್ರೋಲ್ ಕಾರಿಗೂ ಶೇ 10, ಡೀಸೆಲ್‌ಗೆ ಹನ್ನೆರಡೂವರೆ. ಎರಡನೆಯದು ಆಯಸ್ಸು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ರಾಜಧಾನಿಯಲ್ಲಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪೆಟ್ರೋಲ್‌ಗೆ ಹದಿನೈದು ವರ್ಷ. 2025ರ ಜುಲೈನಲ್ಲಿ ವಯಸ್ಸಾದ ಗಾಡಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬೇಡಿ ಅಂದರು, ಗಲಾಟೆಯಾಗಿ ಕೆಲವೇ ದಿನದಲ್ಲಿ ಕೈಬಿಟ್ಟರು. ಅದೇ ಆಗಸ್ಟ್‌ನಲ್ಲಿ ಕೋರ್ಟು ಸದ್ಯಕ್ಕೆ ಬಲವಂತ ಬೇಡ ಅಂದಿತು, ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 (ಗಾಡಿಯ ಹೊಗೆಗೆ ಹಾಕಿದ ಮಾನದಂಡ) ಮತ್ತು ಅದರ ಮೇಲಿನ ಗಾಡಿಗಳಿಗೆ ಮಾತ್ರ ಅಂತ ತಿದ್ದಿತು. ಇಷ್ಟೆಲ್ಲ ಹಿಂದೆ ಮುಂದೆ ಆಗುತ್ತಿದ್ದರೆ ಅಲ್ಲಿನ ಮಾಲೀಕ ಏನು ಮಾಡುತ್ತಾನೆ? ಆರು ವರ್ಷದ ಡೀಸೆಲ್ ಗಾಡಿಯನ್ನೇ ಬಂದಷ್ಟಕ್ಕೆ ಮಾರಿ ಕೈ ತೊಳೆದುಕೊಳ್ಳುತ್ತಾನೆ. ಇನ್ನೂ ಹತ್ತು ವರ್ಷ ದುಡಿಯಬಲ್ಲ ಎಂಜಿನ್ ಇದ್ದರೂ ಅವನ ಊರಿನಲ್ಲಿ ಅದಕ್ಕೆ ಬೆಲೆ ಇಲ್ಲ.

ಅಲ್ಲಿ ಬೆಲೆ ಇಲ್ಲದ್ದಕ್ಕೆ ಇಲ್ಲಿ ಬೆಲೆ ಇದೆ. ಇಲ್ಲಿಯವರೆಗೂ ಬ್ರೋಕರ್ ಹೇಳುವುದು ನಿಜ. ಮುಂದೆ ಬರುವುದನ್ನು ಅವನು ಹೇಳುವುದಿಲ್ಲ.

ಬೇರೆ ರಾಜ್ಯದ ಹಳೇ ಕಾರನ್ನು ಕರ್ನಾಟಕದ ನಂಬರಿಗೆ ಬದಲಾಯಿಸುವಾಗ ಲೈಫ್ ಟೈಮ್ ಟ್ಯಾಕ್ಸ್ ಹೊಸದಾಗಿ ಕಟ್ಟಬೇಕು. ಎಷ್ಟರ ಮೇಲೆ? ನೀವು ಕೊಟ್ಟ ಐದೂವರೆ ಲಕ್ಷದ ಮೇಲೆ ಅಲ್ಲ. ಆ ಕಾರು ಹೊಸದಾಗಿ ಶೋರೂಮಿನಿಂದ ಇಳಿದ ದಿನದ ಇನ್‌ವಾಯ್ಸ್ ಬೆಲೆಯ ಮೇಲೆ. ವಯಸ್ಸಿಗೆ ತಕ್ಕಂತೆ ಒಂದಿಷ್ಟು ರಿಯಾಯಿತಿ ಇದೆ. ಆದರೆ ಕಾರಿನ ಮಾರುಕಟ್ಟೆ ಬೆಲೆ ಬೀಳುವ ವೇಗದಲ್ಲಿ ಈ ತೆರಿಗೆ ಬೀಳುವುದಿಲ್ಲ. ಆರು ವರ್ಷಕ್ಕೆ ಕಾರಿನ ಬೆಲೆ ಅರ್ಧಕ್ಕಿಂತ ಕೆಳಗೆ ಹೋಗಿರುತ್ತದೆ, ತೆರಿಗೆ ಮಾತ್ರ ಹೊಸ ಕಾರಿನದರ ಮೂರನೇ ಎರಡು ಪಾಲಿನ ಹತ್ತಿರವೇ ನಿಂತಿರುತ್ತದೆ.

ನಮ್ಮ ಚಿಕ್ಕಪ್ಪನ ಮಗನ ಗಾಡಿಯ ಇನ್‌ವಾಯ್ಸ್ 14 ಲಕ್ಷ. ಶೇ 17 ಅಂದರೆ 2,38,000. ವಯಸ್ಸಿನ ರಿಯಾಯಿತಿ ಕಳೆದು, ಸೆಸ್ ಕೂಡಿಸಿದರೆ 1 ಲಕ್ಷ 70 ಸಾವಿರದ ಆಸುಪಾಸು. ಬ್ರೋಕರ್ ಹೇಳಿದ ಒಂದೂಮುಕ್ಕಾಲು ಲಕ್ಷದ "ಉಳಿತಾಯ" ಎಲ್ಲಿ ಹೋಯಿತು ಅಂತ ಕಾಣಿಸಿತಲ್ಲ? ಅದು ಉಳಿತಾಯವೇ ಆಗಿರಲಿಲ್ಲ. ಇಲ್ಲಿನ ಕಾರಿನ ಬೆಲೆಯಲ್ಲಿ ಕರ್ನಾಟಕದ ತೆರಿಗೆ ಸೇರಿತ್ತು, ಅಲ್ಲಿನ ಕಾರಿನ ಬೆಲೆಯಲ್ಲಿ ಸೇರಿರಲಿಲ್ಲ. ತೊಗರಿಬೇಳೆಯನ್ನು ಚೀಲದ ಸಮೇತ ತೂಗಿದ್ದಕ್ಕೂ ಚೀಲ ಬಿಟ್ಟು ತೂಗಿದ್ದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಮೇಲುಖರ್ಚು ಬೇರೆ. ಡೆಲ್ಲಿಯಿಂದ ಇಲ್ಲಿಗೆ ಎರಡು ಸಾವಿರ ಕಿಲೋಮೀಟರ್ ಮೇಲಾಗುತ್ತದೆ. ಓಡಿಸಿಕೊಂಡು ಬಂದರೆ ಡೀಸೆಲ್, ಟೋಲು, ಊಟ, ಎರಡು ರಾತ್ರಿ ಲಾಡ್ಜು, ಹೋಗುವಾಗಿನ ರೈಲು ಟಿಕೆಟ್. ಜೊತೆಗೆ ಕರೆದುಕೊಂಡು ಹೋದ ಭಾವಮೈದುನನ ಖರ್ಚು. ಬ್ರೋಕರ್ ಕಮಿಷನ್. ಇಷ್ಟೆಲ್ಲ ಕೂಡಿಸಿದಾಗ ನಮ್ಮವನಿಗೆ ಆ ಕಾರು ಕೋಲಾರದ ಕನ್ಸಲ್ಟೆನ್ಸಿಯ ಬೆಲೆಗಿಂತ ಜಾಸ್ತಿಯೇ ಬಿತ್ತು. ಆಗ್ರಾ ನೋಡಿಕೊಂಡು ಬಂದೆವು ಅಂತ ಸಮಾಧಾನ ಮಾಡಿಕೊಂಡ.

ಇನ್ನು "ಒಂದು ವರ್ಷ ಯಾರೂ ಕೇಳಲ್ಲ" ಅನ್ನುವ ಮಾತು. ಗಡಿ ಜಿಲ್ಲೆಯಲ್ಲಿ ಇದನ್ನು ನಂಬದವರೇ ಇಲ್ಲ. ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಅಪಾಯ.

ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇದ್ದರೆ ಹೊಸ ನಂಬರ್ ತೆಗೆದುಕೊಳ್ಳಬೇಕು. ಈ ಹನ್ನೆರಡು ತಿಂಗಳನ್ನು ಕಿತ್ತುಹಾಕಲು ನಮ್ಮ ಸರ್ಕಾರ ಒಮ್ಮೆ ನೋಡಿತು. 2014ರಲ್ಲಿ ರಾಜ್ಯದ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಮೂವತ್ತು ದಿನ ದಾಟಿದರೆ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಿ ಅಂದರು. ಬೆಂಗಳೂರಿನಲ್ಲಿ ಐಟಿ ಕೆಲಸಕ್ಕೆ ಬಂದವರ ಗಾಡಿಗಳನ್ನೆಲ್ಲ ರಸ್ತೆಯಲ್ಲಿ ಹಿಡಿದು ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಕೇಂದ್ರದ ಕಾಯ್ದೆ ಹನ್ನೆರಡು ತಿಂಗಳು ಕೊಟ್ಟಿರುವಾಗ ರಾಜ್ಯ ಅದನ್ನು ಮೂವತ್ತು ದಿನಕ್ಕೆ ಇಳಿಸುವ ಹಾಗಿಲ್ಲ ಅನ್ನುವುದು ಅದರ ಸಾರ.

ಆ ತೀರ್ಪಿನ ನೆನಪೇ "ಒಂದು ವರ್ಷ ಫ್ರೀ" ಆಗಿ ಹಳ್ಳಿ ಹಳ್ಳಿಗೂ ಹಬ್ಬಿದೆ. ಆದರೆ ಆ ಹನ್ನೆರಡು ತಿಂಗಳು ಯಾರಿಗೆ? ತನ್ನದೇ ಕಾರಿನಲ್ಲಿ ಬೇರೆ ರಾಜ್ಯಕ್ಕೆ ಬಂದವನಿಗೆ. ಚೆನ್ನೈಯಿಂದ ನರಸಾಪುರದ ಫ್ಯಾಕ್ಟರಿಗೆ ವರ್ಗವಾಗಿ ಬಂದ ಎಂಜಿನಿಯರ್‌ಗೆ. ಕಾರು ಕೊಂಡುಕೊಂಡವನ ವಿಷಯ ಬೇರೆ, ಅವನಿಗೆ ಸಂಬಂಧಿಸಿದ್ದು 50ನೇ ಸೆಕ್ಷನ್. ಕೊಂಡವನು ಮೂವತ್ತು ದಿನದೊಳಗೆ ತನ್ನ ಊರಿನ ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಮುಳಬಾಗಿಲಿನ ರೈತ ಡೆಲ್ಲಿ ಕಾರು ಕೊಂಡ ಮೇಲೆ ಅವನು ಡೆಲ್ಲಿಯ ಅತಿಥಿ ಅಲ್ಲ, ಇಲ್ಲಿನ ಮಾಲೀಕ. ಈ ವ್ಯತ್ಯಾಸವನ್ನು ಯಾವ ಬ್ರೋಕರೂ ಹೇಳುವುದಿಲ್ಲ. ಅವನಿಗೂ ಗೊತ್ತಿರುತ್ತದೋ ಇಲ್ಲವೋ.

ಹಾಗಾದರೆ ಹೆಸರು ಬದಲಾಯಿಸದೆ ಹಾಗೇ ಓಡಿಸುವವರು? ಬೇಕಾದಷ್ಟು ಜನ ಇದ್ದಾರೆ. ಡೆಲ್ಲಿಯವನ ಹೆಸರಲ್ಲೇ ಆರ್‌ಸಿ, ಅವನು ಸಹಿ ಹಾಕಿಕೊಟ್ಟ, ಹೆಸರು ವರ್ಗಾವಣೆಯ ಫಾರಂ 29, 30 ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಮಡಚಿಟ್ಟುಕೊಂಡು ಎರಡು ಮೂರು ವರ್ಷ ಓಡಿಸುತ್ತಾರೆ. ನನಗೆ ತೆರಿಗೆಗಿಂತ ಇದೇ ಹೆದರಿಕೆ. ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಕಾರು ನಾಲ್ಕು ಕೈ ಬದಲಾಗಿದ್ದರೂ ಅಷ್ಟೇ. ಎಲ್ಲೋ ಡೆಲ್ಲಿಯಲ್ಲಿ ಕೂತವನಿಗೆ ಕೋಲಾರದ ಕೋರ್ಟಿನಿಂದ ನೋಟಿಸ್ ಹೋದರೆ ಅವನು ಸುಮ್ಮನಿರುತ್ತಾನಾ? ಇತ್ತ ನಿಮ್ಮ ಕಥೆಯೂ ಚೆನ್ನಾಗಿರುವುದಿಲ್ಲ. ಪಾಲಿಸಿ ಅವನ ಹೆಸರಿನಲ್ಲಿದ್ದು ಕಾರು ನಿಮ್ಮದಾಗಿದ್ದರೆ, ಕಾರಿಗಾದ ಡ್ಯಾಮೇಜಿನ ಹಣ ಕೇಳಲು ನಿಮಗೆ ಹಕ್ಕೇ ಇರುವುದಿಲ್ಲ. ಕೊಂಡ ಹದಿನಾಲ್ಕು ದಿನದೊಳಗೆ ವಿಮೆಯನ್ನೂ ಹೆಸರು ಬದಲಾಯಿಸಿಕೊಳ್ಳಬೇಕು. ಕದ್ದುಹೋದರೆ ಪೊಲೀಸರ ಮುಂದೆ ಮೊದಲು ನೀವೇ ಕಳ್ಳ ಅಲ್ಲ ಅಂತ ತೋರಿಸಬೇಕಾಗುತ್ತದೆ.

ರಸ್ತೆಯಲ್ಲಿ ಹಿಡಿಯುವುದಿಲ್ಲ ಅನ್ನುವ ಧೈರ್ಯವೂ ಈಗ ಮೊದಲಿನಷ್ಟು ಇಲ್ಲ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಹೊರರಾಜ್ಯದ ನಂಬರಿನ ಮೂವತ್ತು ಐಷಾರಾಮಿ ಕಾರುಗಳನ್ನು ಒಟ್ಟಿಗೆ ಹಿಡಿದರು. ಅದೇ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಕೆಂಪು ಫೆರಾರಿಯ ಮಾಲೀಕರು ಒಂದೇ ದಿನದಲ್ಲಿ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು. ಆ ಸುದ್ದಿ ಬಂದ ದಿನ ನಮ್ಮೂರಿನಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಆದರೆ ಫೆರಾರಿ ಹಿಡಿಯುವ ಕಾನೂನು ಬೇರೆ, ಟೊಮೆಟೊ ಕ್ರೇಟ್ ತುಂಬಿದ ಎಸ್‌ಯುವಿ ಹಿಡಿಯುವ ಕಾನೂನು ಬೇರೆ ಅಲ್ಲವಲ್ಲ. ಹಿಡಿಯುವವರಿಗೆ ಪುರುಸೊತ್ತು ಆಗಬೇಕು ಅಷ್ಟೇ.

ಪುದುಚೇರಿ ನಂಬರ್ ಅಂದರೆ ಈ ಆಟದ ಹಳೇ ಹೆಸರು. ಅಲ್ಲಿ ದುಬಾರಿ ಕಾರಿಗೂ ತೆರಿಗೆ ತೀರಾ ಕಮ್ಮಿ ಇದ್ದದ್ದರಿಂದ, ಯಾವುದೋ ಬಾಡಿಗೆ ಮನೆ ವಿಳಾಸ ಕೊಟ್ಟು ನೋಂದಣಿ ಮಾಡಿಸಿ ಬೇರೆ ಕಡೆ ಓಡಿಸುವುದು ನಡೆಯಿತು. 2017ರಲ್ಲಿ ಕೇರಳದಲ್ಲಿ ಇದು ದೊಡ್ಡ ಪ್ರಕರಣವೇ ಆಗಿ ಸಿನಿಮಾ ನಟರ ಹೆಸರೂ ಬಂದವು. ನಿಜವಾದ ದೇಶದ ಗಡಿ ದಾಟಿ ಕಾರು ತರುವವರೂ ಇದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಕಸ್ಟಮ್ಸ್‌ನವರು ಭೂತಾನದಿಂದ ಕದ್ದು ತಂದ ಹಳೇ ಕಾರುಗಳ ಬೆನ್ನುಹತ್ತಿ ಕೇರಳದ ತುಂಬ ಹುಡುಕಾಡಿದರು. ಹಳೇ ಕಾರನ್ನು ಹೊರದೇಶದಿಂದ ನ್ಯಾಯವಾಗಿ ತರಬೇಕಾದರೆ ಅದು ಮೂರು ವರ್ಷಕ್ಕಿಂತ ಹಳೇದಾಗಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು, ಸುಂಕ ಕಾರಿನ ಬೆಲೆಯನ್ನೇ ಮೀರುತ್ತದೆ. ಅದು ನಮ್ಮ ನಿಮ್ಮ ಮಟ್ಟದ ಮಾತಲ್ಲ, ಬಿಡಿ.

ನಮ್ಮ ಕಡೆಗೆ ಬರುವ ಇನ್ನೊಂದು ಬಗೆಯ ಕಾರಿನ ಬಗ್ಗೆ ಹೇಳಲೇಬೇಕು. ಚೆನ್ನೈ ಕಾರು. ಹೆದ್ದಾರಿ ನೇರ ಇದೆ, ಕೆಲವೇ ಗಂಟೆ ದಾರಿ. 2015ರ ಡಿಸೆಂಬರ್ ಪ್ರವಾಹ, 2023ರ ಡಿಸೆಂಬರ್‌ನ ಮಿಚಾಂಗ್ ಚಂಡಮಾರುತ, ಎರಡರಲ್ಲೂ ಸಾವಿರಾರು ಕಾರು ನೀರಲ್ಲಿ ನಿಂತವು. ಒರೆಸಿ, ಪಾಲಿಷ್ ಹೊಡೆದು, ಸೀಟ್ ಕವರ್ ಹಾಕಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಬಾನೆಟ್ ತೆಗೆಯುವ ಮೊದಲು ಸೀಟ್ ಬೆಲ್ಟ್ ಹಿಡಿದು ಕೊನೆಯವರೆಗೂ ಎಳೆಯುತ್ತಾರೆ. ಪೂರ್ತಿ ಎಳೆದಾಗ ಒಳಗಿನಿಂದ ಬರುವ ಪಟ್ಟಿಯ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ಮುಳುಗಿದ್ದೇ. ಆಮೇಲೆ ಕಾಲಡಿಯ ಮ್ಯಾಟು ಎತ್ತಿ ಮೂಗಿಟ್ಟು ನೋಡುತ್ತಾರೆ. "ವಾಸನೆ ಸುಳ್ ಹೇಳಲ್ಲ ಸಾರ್" ಅನ್ನುತ್ತಾರೆ. ಇಂಥ ಕಾರಿನ ವೈರಿಂಗ್ ಆರು ತಿಂಗಳಿಗೊಮ್ಮೆ ಒಂದೊಂದು ಕಡೆ ಕೈಕೊಡುತ್ತದೆ. ಆಗ ಉಳಿಸಿದ ಹಣ ಎಲೆಕ್ಟ್ರಿಷಿಯನ್ ಪಾಲು.

ಇಷ್ಟೆಲ್ಲ ಹೇಳಿದ ಮೇಲೂ ಹೊರಗಿನ ಕಾರು ಯಾವಾಗಲೂ ನಷ್ಟ ಅಂತ ನಾನು ಹೇಳುವುದಿಲ್ಲ. ಮೂಲ ಬೆಲೆ ಕಮ್ಮಿ ಇರುವ ಹಳೇ ಸಣ್ಣ ಪೆಟ್ರೋಲ್ ಕಾರಿನಲ್ಲಿ ಲೆಕ್ಕ ಕೂಡುತ್ತದೆ. ನಾಲ್ಕು ಲಕ್ಷ ಇನ್‌ವಾಯ್ಸ್ ಇದ್ದ, ಹತ್ತು ವರ್ಷದ ಹ್ಯಾಚ್‌ಬ್ಯಾಕ್‌ಗೆ ಮೊದಲ ತೆರಿಗೆ ಶೇ 13, ವಯಸ್ಸಿಗೆ ಅರ್ಧದಷ್ಟು ಕಡಿತ, ಸೆಸ್ ಸೇರಿ ಮೂವತ್ತು ಸಾವಿರದೊಳಗೆ ಮುಗಿಯುತ್ತದೆ. ಹೊಸೂರಿನಿಂದಲೋ ಕುಪ್ಪಂನಿಂದಲೋ ತಂದರೆ ದಾರಿ ಖರ್ಚೂ ಇಲ್ಲ. ಗಾಡಿ ಚೆನ್ನಾಗಿದ್ದು ಬೆಲೆಯಲ್ಲಿ ಐವತ್ತು ಅರವತ್ತು ಸಾವಿರ ಕಮ್ಮಿ ಇದ್ದರೆ ತರಬಹುದು. ಗಾಡಿ ದೊಡ್ಡದಾದಷ್ಟೂ, ವಯಸ್ಸು ಚಿಕ್ಕದಾದಷ್ಟೂ ಲಾಭ ಕರಗುತ್ತದೆ. ಜನ ಮಾಡುವುದು ಮಾತ್ರ ಉಲ್ಟಾ. ಸಣ್ಣ ಕಾರನ್ನು ಇಲ್ಲೇ ಕೊಳ್ಳುತ್ತಾರೆ, ದೊಡ್ಡದಕ್ಕೆ ಡೆಲ್ಲಿಗೆ ರೈಲು ಹತ್ತುತ್ತಾರೆ.

ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಮೂಲ ಇನ್‌ವಾಯ್ಸ್ ಕಾಪಿ ಕೇಳಬೇಕು. ಅದಿಲ್ಲದೆ ತೆರಿಗೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕುವುದಕ್ಕೇ ಆಗುವುದಿಲ್ಲ. ಆಮೇಲೆ ಎನ್‌ಒಸಿ. ಅಂದರೆ ಗಾಡಿ ಬೇರೆ ಕಡೆ ಹೋಗಲು ಆಕ್ಷೇಪ ಇಲ್ಲ ಅಂತ ಹಳೇ ಆರ್‌ಟಿಒ ಕೊಡುವ ಪತ್ರ. ಅದು ಫಾರಂ 28ರಲ್ಲಿ ಬರುತ್ತದೆ, ಅದರಲ್ಲಿ ನಿಮ್ಮ ಊರಿನ ಆರ್‌ಟಿಒ ಹೆಸರೇ ಇರಬೇಕು. ಕೆಜಿಎಫ್‌ನವರಿಗೆ ಕೋಲಾರದ ಹೆಸರಲ್ಲಿ ತಂದರೆ ಮತ್ತೆ ಓಡಾಟ. ಕಟ್ಟದ ಚಲನ್ ಇದ್ದರೆ ಎನ್‌ಒಸಿ ನಿಲ್ಲುತ್ತದೆ, ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಪತ್ರ ಬೇಕು. ನಮ್ಮವನು ಹಣ ಪೂರ್ತಿ ಕೊಟ್ಟು, ಕಾರು ತಂದು, ಆಯುಧಪೂಜೆಯನ್ನೂ ಮಾಡಿ ಮುಗಿಸಿದ ಮೇಲೆ ಹಳೇ ಚಲನ್‌ಗಳು ಒಂದೊಂದೇ ಹೊರಬಂದವು. ಯಾವುದೋ ಫ್ಲೈಓವರ್ ಮೇಲೆ ಯಾರೋ ಜೋರಾಗಿ ಓಡಿಸಿದ್ದಕ್ಕೆ ಮುಳಬಾಗಿಲಿನವನು ದಂಡ ಕಟ್ಟಿದ.

ಆಮೇಲೆ ಗಾಡಿಯನ್ನು ಇನ್‌ಸ್ಪೆಕ್ಷನ್‌ಗೆ ತೆಗೆದುಕೊಂಡು ಹೋದೆವು. ನಾನೂ ಜೊತೆಗಿದ್ದೆ. ಬಿಸಿಲಲ್ಲಿ ಸಾಲಾಗಿ ಗಾಡಿಗಳು. ಒಬ್ಬ ಹುಡುಗ ಬಾನೆಟ್ ಒಳಗೆ ಬಗ್ಗಿ, ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು, ಪೆನ್ಸಿಲ್‌ನಿಂದ ಮೆಲ್ಲಗೆ ತಿಕ್ಕುತ್ತಿದ್ದ. ಬೂದು ಬಣ್ಣದ ಮಧ್ಯೆ ಒಂದೊಂದೇ ಅಕ್ಷರ ಬೆಳ್ಳಗೆ ಎದ್ದು ಬಂತು. ಕೊನೆಯ ಎರಡು ಅಂಕಿ ತುಕ್ಕಿನಿಂದ ಸರಿಯಾಗಿ ಮೂಡಲಿಲ್ಲ. ಮತ್ತೆ ತಿಕ್ಕಿದ. ಮತ್ತೆ ಮೂಡಲಿಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ ಬಂದು ಟಾರ್ಚ್ ಹಾಕಿ ನೋಡಿ, "ಕ್ಲೀನ್ ಮಾಡಿಸ್ಕೊಂಡು ನಾಳೆ ಬನ್ನಿ" ಅಂದರು. ಆ "ನಾಳೆ" ಮೂರು ವಾರ ಆಯಿತು. "ಅಣ್ಣಾ, ಇಲ್ಲೇ ತಗೊಂಡಿದ್ರೆ ಇಷ್ಟೊತ್ತಿಗೆ ತೋಟದಲ್ಲಿ ಎರಡನೇ ಕಟಾವು ಮುಗ್ದಿರೋದು" ಅಂದ. ಹೆಸರಿಗೆ ನಕ್ಕ, ಮುಖದಲ್ಲಿ ನಗು ಇರಲಿಲ್ಲ.

ತಪ್ಪೆಲ್ಲ ಕೊಳ್ಳುವವನದೇ ಅಂತ ಹೇಳಿದರೆ ಅನ್ಯಾಯ. ಈ ವ್ಯವಸ್ಥೆಯೇ ಗಡಿಯವರ ಬದುಕಿಗೆ ಹೊಂದುವುದಿಲ್ಲ. ಶ್ರೀನಿವಾಸಪುರದವನಿಗೆ ಮದನಪಲ್ಲಿಯಲ್ಲಿ ಮಂಡಿ, ಬಂಗಾರಪೇಟೆಯವಳಿಗೆ ಕುಪ್ಪಂನಲ್ಲಿ ತವರು, ಮಾಲೂರಿನವನಿಗೆ ಹೊಸೂರಿನಲ್ಲಿ ಕೆಲಸ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಆದರೆ ಹದಿನೈದು ವರ್ಷದ ತೆರಿಗೆಯನ್ನು ಮೊದಲ ದಿನವೇ ಒಂದೇ ರಾಜ್ಯಕ್ಕೆ ಕಟ್ಟಿಬಿಡಬೇಕು. ಅಲ್ಲೇ ಹುಟ್ಟಿ ಅಲ್ಲೇ ಇರುವವನಿಗೆ ಅದು ಸರಿ. ಊರು ಬದಲಾಯಿಸುವವನಿಗೆ ಅದು ಎರಡು ಸಲ ಕಟ್ಟುವ ತೆರಿಗೆ.

ಹಳೇ ರಾಜ್ಯದಲ್ಲಿ ಉಳಿದ ವರ್ಷಗಳ ತೆರಿಗೆ ವಾಪಸ್ ಕೇಳಬಹುದು, ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ಇಲ್ಲಿ ಪೂರ್ತಿ ಕಟ್ಟಿ, ಹೊಸ ಆರ್‌ಸಿ ಬಂದ ಮೇಲೆ, ಅದರ ಕಾಪಿ ಹಿಡಿದು ಅಲ್ಲಿ ಹೋಗಿ ಕೇಳಬೇಕು. ಅಂದರೆ ಎರಡು ರಾಜ್ಯದ ನಡುವೆ ನಡೆಯಬೇಕಾದ ಲೆಕ್ಕವನ್ನು ಕಾರಿನ ಮಾಲೀಕ ತಲೆಮೇಲೆ ಹೊತ್ತು ತಿರುಗಬೇಕು. ವಾಹನ್ ಪೋರ್ಟಲಿನಲ್ಲಿ ಇಡೀ ದೇಶದ ಗಾಡಿಗಳ ದಾಖಲೆ ಒಂದೇ ಕಡೆ ಕೂತಿರುವಾಗ, ಒಂದು ರಾಜ್ಯ ಇನ್ನೊಂದಕ್ಕೆ ಬಾಕಿ ತೆರಿಗೆಯನ್ನು ತಾನೇ ಕಳಿಸಿಕೊಡುವುದು ಅಷ್ಟು ಕಷ್ಟವಾ? ಕಷ್ಟ ಅಲ್ಲ. ಬಂದ ಹಣವನ್ನು ಬಿಡಲು ಯಾರಿಗೂ ಮನಸ್ಸಿಲ್ಲ.

2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಈ ಗಂಟನ್ನು ಅರ್ಧ ಬಿಚ್ಚಿತು. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟುತ್ತಾ ಹೋಗುವುದು, ರಾಜ್ಯ ಬದಲಾದರೆ ನಂಬರ್ ಬದಲಾಯಿಸಬೇಕಿಲ್ಲ. ಒಳ್ಳೆಯ ಯೋಚನೆ. ಆದರೆ ಅದು ಸರ್ಕಾರಿ ನೌಕರರಿಗೆ, ಸೈನಿಕರಿಗೆ, ನಾಲ್ಕು ರಾಜ್ಯದಲ್ಲಿ ಕಚೇರಿ ಇರುವ ಕಂಪನಿಗಳ ನೌಕರರಿಗೆ ಮಾತ್ರ. ಮೂರು ರಾಜ್ಯದ ಮಂಡಿಗೆ ವಾರಕ್ಕೆ ಎರಡು ಸಲ ಓಡಾಡುವ ರೈತ ಆ ಪಟ್ಟಿಯಲ್ಲಿಲ್ಲ. ಅವನು ಯಾವ ಕಂಪನಿಯ ನೌಕರನೂ ಅಲ್ಲವಲ್ಲ.

ಮಜಾ ನೋಡಿ, ಇದೇ ಗಡಿಯಲ್ಲಿ ಉಳಿತಾಯ ಇನ್ನೊಂದು ದಿಕ್ಕಿನಲ್ಲೂ ಹರಿಯುತ್ತದೆ. ಪೆಟ್ರೋಲ್, ಡೀಸೆಲ್ ಹಲವು ವರ್ಷಗಳಿಂದ ಆಂಧ್ರಕ್ಕಿಂತ ನಮ್ಮಲ್ಲಿ ಅಗ್ಗ. ಗಡಿಗೆ ಹತ್ತಿರದ ನಮ್ಮ ಬಂಕುಗಳಲ್ಲಿ ಎಪಿ ನಂಬರಿನ ಗಾಡಿಗಳು ಸಾಲು ನಿಂತು ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತವೆ. ಅದಕ್ಕೆ ಎನ್‌ಒಸಿ ಬೇಡ, ವಿಳಾಸದ ದಾಖಲೆ ಬೇಡ. ಟ್ಯಾಂಕಿನಲ್ಲಿರುವ ಎಣ್ಣೆ ಎಲ್ಲಿ ಮಲಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ನಮ್ಮವನ ಕಾರಿಗೆ ಕೊನೆಗೂ ಕೆಎ 07 ಬಂತು. ಡೆಲ್ಲಿಯಲ್ಲಿ ಕಟ್ಟಿದ್ದ ತೆರಿಗೆಯಲ್ಲಿ ಉಳಿದದ್ದು ವಾಪಸ್ ಬರಬೇಕಾದರೆ ಮೊದಲ ಮಾಲೀಕರ ಸಹಿ ಬೇಕು ಅಂದರು. ಅವರಿಗೆ ಫೋನ್ ಮಾಡಿದ. ಮೊದಲ ಸಲ ಚೆನ್ನಾಗಿ ಮಾತಾಡಿದರು, ಕಳಿಸುತ್ತೇನೆ ಅಂದರು. ಎರಡನೇ ಸಲ ಮೀಟಿಂಗ್‌ನಲ್ಲಿದ್ದರು. ಈಗ ರಿಂಗ್ ಆಗುತ್ತದೆ, ಎತ್ತುವುದಿಲ್ಲ.